ಫುಲ್ ಸ್ಕೋರ್ ಬಂದು ಕೈತಪ್ಪಿದ ಕೋಣೆ

ಪರೀಕ್ಷೆಯಲ್ಲಿ ಫಸ್ಟ್ ಬರಬೇಕೆನ್ನುವುದು ಒಂದು ಕಾಯಿಲೆ. ಚಿಕ್ಕಂದಿನಲ್ಲಿ ತಗುಲಿಕೊಂಡರೆ ಮುಪ್ಪಿನಲ್ಲೂ ಬಿಡುವುದಿಲ್ಲ. ನನಗಿದು ತಗುಲಿದ್ದು ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರುಗಳು ‘ಸಿಟ್ ಸ್ಟ್ರೈಟ್, ಸ್ಪೀಕ್ ಕ್ಲಿಯರ್ಲಿ’ ಎಂದು ಎಷ್ಟು ತಿದ್ದಿದ್ದರೆಂದರೆ, ಇವತ್ತಿಗೂ ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಬಾಯಿ ತಾನಾಗಿ ‘ಯೆಸ್’ ಎನ್ನುತ್ತದೆ. ಕಣ್ಣಿನ ಡಾಕ್ಟರು ಬೋರ್ಡಿನ ಕೊನೆಯ ಸಾಲು ಓದಿ ಎಂದಾಗ, ಕಾಣದಿದ್ದರೂ ಊಹಿಸಿ ಓದಿ, ಅದು ಸರಿಯಾಗಿದ್ದಕ್ಕೆ ಹೆಮ್ಮೆಪಟ್ಟುಕೊಂಡು, ಕನ್ನಡಕವಿಲ್ಲದೆ ಗೋಡೆ ತಡವರಿಸುತ್ತ ಮನೆಗೆ ಬಂದವಳು ನಾನು.

ಇಷ್ಟೆಲ್ಲ ಹೇಳಲು ಕಾರಣ ಜಕ್ಕೂರು ಕೆರೆ ಪಕ್ಕದ ಒಂದು ಕೋಣೆ. ನನ್ನ ಓರಗಿತ್ತಿ ರಾಜಮ್ಮ, ಅಂದರೆ ನನ್ನ ಮೈದುನನ ಹೆಂಡತಿ, ಸೊಂಟದ ಆಪರೇಷನ್ ಆದಮೇಲೆ ಅಲ್ಲಿನ ಅಸಿಸ್ಟೆಡ್ ಲಿವಿಂಗ್‌ಗೆ ಸೇರಿದಳು. ಆರ್.ಟಿ. ನಗರದ ಮನೆಯ ಒಂದೇ ಅಡುಗೆಮನೆಯಲ್ಲಿ ಜೀವನ ಸವೆಸಿದವರು ನಾವು. ಒಗ್ಗರಣೆಗೆ ಇಂಗು ಮೊದಲೋ ಸಾಸಿವೆ ಮೊದಲೋ ಎಂದು ಶುರುವಾದ ಜಗಳ. ನಮ್ಮ ಗಂಡಂದಿರಿಬ್ಬರೂ ತೀರಿಕೊಂಡರು, ಜಗಳ ಮಾತ್ರ ಉಳಿದುಕೊಂಡಿತು. ಅವಳು ಜಕ್ಕೂರಿಗೆ ಹೋದಮೇಲೆ ಒಗ್ಗರಣೆಯೇನೋ ನನ್ನಿಷ್ಟದಂತೆಯೇ ಆಗುತ್ತಿತ್ತು. ಊಟ ಮಾತ್ರ ಸೇರುತ್ತಿರಲಿಲ್ಲ.

ಅವಳನ್ನು ನೋಡಲು ಮೊದಲ ಸಲ ಮೂಗು ಮುರಿದುಕೊಂಡೇ ಹೋದೆ. ಸಾಲು ಮಂಚ, ಫಿನಾಯಿಲ್ ವಾಸನೆ ಎಂದುಕೊಂಡಿದ್ದೆ. ಒಳಗೆ ಕಾಲಿಟ್ಟರೆ ಫಿಲ್ಟರ್ ಕಾಫಿಯ ಘಮ. ಬಾತ್‌ರೂಮಿನಲ್ಲಿ ಕೈ ಚಾಚಿದ ಕಡೆಯೆಲ್ಲ ಹಿಡಿಕೆ, ಜಾರದ ನೆಲ, ಕೂತು ಸ್ನಾನ ಮಾಡಲು ಸ್ಟೂಲು. ಮಂಚದ ಪಕ್ಕ ಒಂದು ಬೆಲ್ಲು, ಒತ್ತಿದರೆ ಯಾರಾದರೂ ಓಡಿಬರುತ್ತಾರೆ. ನಾನು ಜೀವಮಾನವಿಡೀ ‘ರೀ’ ಎಂದು ಕೂಗಿದ್ದೇನೆ, ಓಡಿಬಂದವರಿಲ್ಲ. ಸೀರೆಯ ನೆರಿಗೆ ಹಿಡಿಯಲು ಒಬ್ಬ ಹುಡುಗಿ, ಬಿಪಿ ಶುಗರ್ ನೋಡಲು ನರ್ಸು, ಬೆಳಿಗ್ಗೆ ಕುರ್ಚಿಯ ಮೇಲೇ ಯೋಗ, ಸಂಜೆ ಹೌಸಿ ಆಟ. ಇದಲ್ಲದೆ ಮೊಬೈಲ್ ಕ್ಲಾಸ್ ಬೇರೆ. ವಿಡಿಯೋ ಕಾಲ್ ಎಂದರೆ ಫೋನನ್ನು ಕಿವಿಗಿಟ್ಟುಕೊಳ್ಳುತ್ತಿದ್ದ ರಾಜಮ್ಮ ಈಗ ಕೆರೆಯ ಕೊಕ್ಕರೆಗಳ ಫೋಟೋ ತೆಗೆದು ನನಗೆ ಕಳಿಸುತ್ತಾಳೆ. ಕಿಟಕಿಯ ಎದುರಿಗೇ ಪುಟ್ಟ ಪುಟ್ಟ ತರಬೇತಿ ವಿಮಾನಗಳು ಮೇಲೇರುತ್ತವೆ. ಹಾಸ್ಟೆಲ್ ನೋಡಿ ಬಂದ ಹುಡುಗಿಯ ಹಾಗೆ ನನಗೆ ಎರಡು ದಿನ ನಿದ್ದೆಯಿಲ್ಲ. ವಾಟ್ ಎ ಪ್ಲೇಸ್!

“ಪಕ್ಕದ ರೂಮ್ ಖಾಲಿ ಇದೆ ಕಣಕ್ಕ, ಬೇಗ ಬಂದ್ಬಿಡಿ,” ಎಂದಳು ರಾಜಮ್ಮ. “ಯಶವಂತಪುರದ ಯಾರೋ ರಿಟೈರ್ಡ್ ಮೇಷ್ಟ್ರು ನೋಡ್ಕೊಂಡು ಹೋಗಿದಾರೆ. ಅವರ ಗೊರಕೆ ಕೇಳ್ಕೊಂಡು ನಾನಿರ್ಬೇಕಾಗತ್ತೆ.”

“ನಾನೂ ಗೊರಕೆ ಹೊಡೀತೀನಲ್ಲೇ.”

“ನಿಮ್ಮದು ಅಭ್ಯಾಸ ಆಗಿದೆ ಬಿಡಿ.”

ಸೇರುವ ಮೊದಲು ಒಂದು ಅಸೆಸ್‌ಮೆಂಟ್ ಇರುತ್ತದೆ ಎಂದರು. ಆ ಒಂದು ಮಾತೇ ನನ್ನನ್ನು ಕೆಡಿಸಿದ್ದು. ಗಂಜಿ ಹಾಕಿದ ಸೀರೆಯುಟ್ಟು ಹೋದೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಶೈಲಾ, ಮೊಮ್ಮಗಳ ವಯಸ್ಸಿನವಳು, ಶುರುಮಾಡಿದಳು.

“ಆಂಟಿ, ಸ್ನಾನಕ್ಕೆ ಹೆಲ್ಪ್ ಬೇಕಾಗತ್ತಾ?”

“ನಾಟ್ ಅಟ್ ಆಲ್.”

“ಮೆಟ್ಟಿಲು ಹತ್ತೋದು?”

“ವಿತ್ ಪ್ಲೆಷರ್.”

“ಕುರ್ಚಿಯಿಂದ ಒಬ್ರೇ ಏಳ್ತೀರಾ?”

ಎದ್ದು ತೋರಿಸಿದೆ. ಸೆರಗಿನ ಮರೆಯಲ್ಲಿ ನನ್ನ ಎಡಗೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದು ಅವಳಿಗೆ ಕಾಣಲಿಲ್ಲ. ಜ್ಞಾಪಕಶಕ್ತಿ ಹೇಗಿದೆ ಎಂದದ್ದಕ್ಕೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದ್ಯವೊಂದನ್ನು, ಅವಳು ಕೇಳದಿದ್ದರೂ, ಪೂರ್ತಿ ಒಪ್ಪಿಸಿದೆ.

“ಸೂಪರ್ ಆಂಟಿ, ಫುಲ್ ಸ್ಕೋರ್,” ಎಂದಳು ಶೈಲಾ. ನಾನು ಉಬ್ಬಿಹೋದೆ. ರೂಮಿಗೆ ಯಾವಾಗ ಬರಲಿ ಎಂದು ಕೇಳಿದೆ.

“ಆ ರೂಮ್ ನಿಮಗೆ ಕೊಡೋಕಾಗಲ್ಲ ಆಂಟಿ. ಆ ಫ್ಲೋರ್ ಹೆಲ್ಪ್ ಬೇಕಾದೋರಿಗೆ ಮಾತ್ರ. ನಿಮಗೆ ಹಿಂದಿನ ಬ್ಲಾಕಲ್ಲಿ ಇಂಡಿಪೆಂಡೆಂಟ್ ಫ್ಲಾಟ್ ಇದೆ. ಅಡುಗೆ ನೀವೇ ಮಾಡ್ಕೋಬಹುದು.”

ರಾಜಮ್ಮ ಬಿಟ್ಟಾಳೆಯೇ? “ಎಲ್ಲದಕ್ಕೂ ಆಗತ್ತೆ ಆಗತ್ತೆ ಅಂತ ಯಾಕೆ ಹೇಳೋಕೆ ಹೋದ್ರಿ? ಬಾಗಿಲಲ್ಲಿ ಬಿದ್ದಿರೋ ಹಾಲಿನ ಪ್ಯಾಕೆಟ್ ಎತ್ಕೊಳ್ಳೋಕೆ ಎದುರುಮನೆಯೋರನ್ನ ಕರೀತೀರಿ. ನನ್ನ ನೋಡಿ, ಒಂದಕ್ಕೂ ಆಗಲ್ಲ ಅಂದೆ, ಕೆರೆ ಕಾಣೋ ರೂಮೇ ಕೊಟ್ರು.”

“ಆ ಹುಡುಗಿ ಕೇಳಿದ್ಲು, ಹೇಳ್ಬಿಟ್ಟೆ ಕಣೇ.”

ಅವಳು ತಿರುಗಿ ಜಗಳಕ್ಕೆ ಬರುತ್ತಾಳೆಂದು ಕಾದೆ. ಬರಲಿಲ್ಲ. ಹೊದಿಕೆಯ ಅಂಚನ್ನು ಮಡಿಸುತ್ತ, “ಮೇಷ್ಟ್ರು ಸೋಮವಾರ ಬರ್ತಾರಂತೆ,” ಎಂದಷ್ಟೇ ಅಂದಳು. ಇಷ್ಟು ವರ್ಷಗಳಲ್ಲಿ ಅವಳು ಜಗಳವನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನವೇ ಶೈಲಾಳ ಬಳಿ ಹೋಗಿ, ಇನ್ನೊಂದು ಸಲ ನೋಡಮ್ಮ ಎಂದು ಗೋಗರೆದೆ. ಈ ಸಲ ಫೇಲಾಗುವುದೆಂದು ನಿರ್ಧರಿಸಿದ್ದೆ. ಅರ್ಧ ಎದ್ದು, ‘ಅಯ್ಯೋ’ ಎಂದು ಕೂರುವುದು ನನ್ನ ಪ್ಲಾನ್. ಕನ್ನಡಿಯ ಮುಂದೆ ಅಯ್ಯೋ ಕೂಡ ಪ್ರಾಕ್ಟೀಸ್ ಮಾಡಿಕೊಂಡಿದ್ದೆ. ಆದರೆ ಅವಳು ಕುರ್ಚಿಯನ್ನು ಕೋಣೆಯ ನಡುವಿಗೆ ಎಳೆದು, “ಎರಡೂ ಕೈ ಎದೆ ಮೇಲೆ ಕಟ್ಕೊಂಡು ಏಳಿ ಆಂಟಿ,” ಎಂದಳು. ಅರ್ಧ ಏಳೋಣವೆಂದು ಹೊರಟೆ. ಅರ್ಧವೂ ಬರಲಿಲ್ಲ. ನನ್ನ ಫಸ್ಟ್ ಬರುವ ಕಾಯಿಲೆ ಕೆರಳಿತು. ರೂಮು, ರಾಜಮ್ಮ, ಮೇಷ್ಟ್ರು ಎಲ್ಲವನ್ನೂ ಮರೆತು, ಪಾಸಾಗಲೇಬೇಕೆಂದು ಹಲ್ಲು ಕಚ್ಚಿ ಇನ್ನೊಮ್ಮೆ ಪ್ರಯತ್ನಿಸಿದೆ. ಕುರ್ಚಿ ನನ್ನನ್ನು ಬಿಡಲಿಲ್ಲ.

ಶೈಲಾ ಮೆಲ್ಲಗೆ ನನ್ನ ಮೊಣಕೈ ಹಿಡಿದಳು. “ಎಷ್ಟು ದಿನದಿಂದ ಹೀಗೆ ಆಂಟಿ?”

“ಸುಮಾರು ದಿನ ಆಯ್ತಮ್ಮ,” ಎಂದೆ. ಇಂಗ್ಲಿಷ್ ಬರಲಿಲ್ಲ.

ಕೋಣೆ ಸಿಕ್ಕಿತು. ಸಂಭ್ರಮದಿಂದ ಹೋಗಿ ರಾಜಮ್ಮನಿಗೆ ಎಲ್ಲವನ್ನೂ ಬಣ್ಣಿಸಿದೆ: ನಾನು ಹೇಗೆ ಎದ್ದಂತೆ ಮಾಡಿ ಏಳಲಾರದವಳ ಹಾಗೆ ಕುಸಿದೆ, ಪಾಪ ಆ ಹುಡುಗಿ ಹೇಗೆ ಪೂರ್ತಿ ನಂಬಿಬಿಟ್ಟಳು, ಎಂಥ ಆಕ್ಟಿಂಗ್ ನನ್ನದು ಎಂದು. ಅವಳು ಕೈಗೋಲನ್ನು ಪಕ್ಕಕ್ಕಿಟ್ಟು ತಾಳ್ಮೆಯಿಂದ ಕೇಳಿದಳು.

“ಚೆನ್ನಾಗೇ ಬಂದಿರತ್ತೆ ಬಿಡಿ ಅಕ್ಕ,” ಎಂದಳು. “ದಿನಾ ದೇವರಮನೆ ಮಣೆ ಮೇಲಿಂದ ಏಳೋವಾಗ ರಿಹರ್ಸಲ್ ಮಾಡ್ತಿದ್ರಲ್ಲ, ನಾನು ಅಡುಗೆಮನೆಯಿಂದ ನೋಡ್ತಿದ್ದೆ.”

ಹೊಗಳಿಕೆ ಯಾರ ಬಾಯಿಂದ ಬಂದರೂ ಬೇಡವೆನ್ನುವ ಅಭ್ಯಾಸ ನನಗಿಲ್ಲ. ಥ್ಯಾಂಕ್ ಯೂ ಎಂದೆ. ಆಮೇಲೆ ನನ್ನ ಕೋಣೆಗೆ ಹೋಗೋಣವೆಂದು ಅವಳ ಸೋಫಾದಿಂದ ಏಳಲು ನೋಡಿ, ಬೆಲ್ಲು ಒತ್ತು ಎಂದು ಅವಳಿಗೇ ಹೇಳಬೇಕಾಯಿತು.