ಹೊಸದಾಗಿ ಕಲಿತ ಮೂರು ಸಂಗತಿ

ಮಲ್ಲಿಕಾರ್ಜುನಯ್ಯ: ಬರ್ಕೊಳ್ಳಿ ಅಂಕಯ್ಯನೋರೇ, 'ಏನೂ ಇಲ್ಲ' ಅಂತ ಬರ್ಕೊಳ್ಳಿ! ಕಲಿಯೋದು ಏನಾದ್ರೂ ಉಳಿದಿದ್ರೆ ತಾನೇ ನಾನು ಕಲಿಯೋದು?

ಅಂಕಯ್ಯ: ಹಂಗೆ ಬರುದ್ರೆ ಸನ್ನದು ಹೋಯ್ತದೆ ಸ್ವಾಮಿ. ಸಾಯಂಕಾಲದ ಟಪಾಲಿಗೆ ಈ ಕಾಗದ ಹೋಗ್ಲೇಬೇಕು.

ಮಲ್ಲಿಕಾರ್ಜುನಯ್ಯ: ಸನ್ನದು ಹೋದ್ರೆ ಏನಾಯ್ತದೆ?

ಅಂಕಯ್ಯ: ನಾಳೆ ಬೆಳಗ್ಗೆ ನಾನೇ ಏಣಿ ತಂದು ನಿಮ್ಮ ಬಾಗಿಲ ಮೇಲಿನ ಹಲಗೆ ಇಳಿಸ್ಬೇಕಾಯ್ತದೆ.

ಮಲ್ಲಿಕಾರ್ಜುನಯ್ಯ ತಲೆಯೆತ್ತಿ ಹಲಗೆ ನೋಡಿದರು. 'ಪ್ರಕೃತಿ ಚಿಕಿತ್ಸಕರು' ಎಂದು ಬರೆಸಿದ್ದ ಅಕ್ಷರಗಳು ಬೀದಿಯ ಆ ತುದಿಗೂ ಕಾಣುತ್ತಿದ್ದವು. ನೀರು, ಮಣ್ಣು, ಉಪವಾಸ, ಇವು ಮೂರರಿಂದಲೇ ಚನ್ನಪಟ್ಟಣದವರ ರೋಗಗಳನ್ನೆಲ್ಲ ಓಡಿಸುತ್ತೇನೆಂದು ಹೊರಟವರು ಅವರು. ಗುರು ಅಂತ ಯಾರೂ ಇರಲಿಲ್ಲ. ಬೆಂಗಳೂರಿನ ಸಂತೆಯಲ್ಲಿ ಸಿಕ್ಕಿದ, ರಟ್ಟು ಕಿತ್ತುಹೋದ ಒಂದು ಪುಸ್ತಕವನ್ನು ಹದಿನಾರು ಸಲ ಓದಿ, ಮೊದಲು ಮನೆಯ ಎಮ್ಮೆಯ ಮೇಲೆ, ಆಮೇಲೆ ಮನುಷ್ಯರ ಮೇಲೆ ಕೈಯಾಡಿಸಿ ವೈದ್ಯರಾದವರು. ಎಮ್ಮೆಯ ಸುದ್ದಿ ಬಂದರೆ ಅವರು ಮಾತು ಬದಲಿಸುತ್ತಿದ್ದರು.

ಮಹಾರಾಜರ ಸರ್ಕಾರ ಅವರಿಗೆ ವೈದ್ಯ ನಡೆಸಲು ಅನುಮತಿಯ ಸನ್ನದು ಕೊಟ್ಟು ಆರು ವರ್ಷವಾಗಿತ್ತು. ಈ ವರ್ಷ ಹೊಸ ಕಾಯಿದೆ ಬಂದಿತ್ತು: ಸನ್ನದು ಪಡೆದವರು ಕಲಿಯುತ್ತಲೇ ಇರಬೇಕು, ವರ್ಷದಲ್ಲಿ ಹೊಸದಾಗಿ ಕಲಿತ ಮೂರು ಸಂಗತಿಗಳನ್ನೂ ಕಲಿಸಿದವರ ಹೆಸರನ್ನೂ ಬರೆದು ಕೊಡಬೇಕು. ತಾಲ್ಲೂಕು ಕಚೇರಿಯ ಗುಮಾಸ್ತ ಅಂಕಯ್ಯ ಆ ಕಾಗದ ಹಿಡಿದು ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದರು. ಹೊಸದಾಗಿ ಕಲಿತೆ ಅಂದರೆ ನಿನ್ನೆಯವರೆಗೆ ಗೊತ್ತಿರಲಿಲ್ಲ ಅಂದಂತೆ. ಮಲ್ಲಿಕಾರ್ಜುನಯ್ಯನವರಿಗೆ ಒಪ್ಪಲಾಗದ್ದು ಅದೇ.

ಹೊಸಿಲಾಚೆ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದ ಹೆಂಡತಿ ಗಿರಿಜಾಂಬ ಬಾಯಿ ಹಾಕಿದರು.

ಗಿರಿಜಾಂಬ: ಮೂರೇ ತಾನೇ ಕೇಳಿರೋದು? ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗಿ ಬರೋದ್ರೊಳಗೆ ನಿಮಗೆ ಮೂರು ಆಯ್ತವೆ.

ಮಲ್ಲಿಕಾರ್ಜುನಯ್ಯ: ನೀನು ಸುಮ್ಕಿರೇ. ಇದು ವೈದ್ಯದ ಮಾತು.

ಅಷ್ಟರಲ್ಲಿ ಎದುರು ಮನೆಯ ಗೌಸ್ ಬಂದ. ಮರದ ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚುವವನು. ಮಲ್ಲಿಕಾರ್ಜುನಯ್ಯನವರಿಗೆ ಮೂವತ್ತು ವರ್ಷದ ಗೆಳೆಯ. ವಿಷಯ ಕೇಳಿದ್ದೇ ತಡ, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿದ.

ಗೌಸ್: ನನ್ನ ಕಾಮಾಲೆ ಬರಿಸಿ ಅಯ್ಯೋರೇ.

ಮಲ್ಲಿಕಾರ್ಜುನಯ್ಯ: ಅದರಲ್ಲಿ ಕಲಿಯೋದೇನ್ಲಾ ಐತೆ? ಅಂಗೈ ಹಳದಿ ಆಗಿತ್ತು, ಕಾಮಾಲೆ ಅಂದೆ. ಉಪವಾಸ ಹಾಕ್ದೆ, ಹಳದಿ ಹೋಯ್ತು.

ಗೌಸ್: ಅದು ಅರಗು ಅಯ್ಯೋರೇ! ಹಬ್ಬಕ್ಕೆ ಇನ್ನೂರು ಗಿಲಕಿ ಮಾಡ್ತಿದ್ದೆ, ಇನ್ನೂರಕ್ಕೂ ಹಳದಿ ಬಣ್ಣ. ಅರಗು ನಾದಿ ನಾದಿ ಕೈಗೆ ಹತ್ತಿತ್ತು.

ಅಂಕಯ್ಯ: ಎಷ್ಟು ದಿನ ಉಪವಾಸ?

ಗೌಸ್: ಹನ್ನೊಂದು. ಎಳನೀರು ಬುಟ್ರೆ ಬಾಯಿಗೆ ಇನ್ನೇನೂ ಇಲ್ಲ.

ಮಲ್ಲಿಕಾರ್ಜುನಯ್ಯ: ಮತ್ತೆ ಹನ್ನೊಂದನೇ ದಿನ ಕೈ ಬೆಳ್ಳಗಾದ್ದು ಹೆಂಗ್ಲಾ?

ಗೌಸ್: ಎದ್ದು ನಿಲ್ಲೋಕೇ ಆಗ್ದೋನು ಕೆಲಸಕ್ಕೆ ಎಲ್ಲಿ ಕೂರ್ಲಿ? ಅರಗು ಮುಟ್ಟಲಿಲ್ಲ, ಬಣ್ಣ ಹೋಯ್ತು. ಒಸಿ ತ್ರಾಣ ಬಂದು ಕೆಲಸಕ್ಕೆ ಕೂತ್ರೆ ಮತ್ತೆ ಹಳದಿ. ನೀವು ನೋಡಿ, 'ರೋಗ ಮರುಕಳಿಸ್ತು' ಅಂತ ಇನ್ನೊಂದು ಹನ್ನೊಂದು ದಿನಕ್ಕೆ ಶುರು ಹಚ್ಕೊಂಡ್ರಿ!

ಮಲ್ಲಿಕಾರ್ಜುನಯ್ಯ: ಬಾಯಿ ಬುಟ್ಟು ಹೇಳೋಕೆ ಏನಾಗಿತ್ಲಾ ನಿನಗೆ?

ಗೌಸ್: ವೈದ್ಯರು ನೀವು. ನನ್ನ ಕೈ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರ್ತದೆ ಅಂದ್ಕೊಂಡೆ. ಆಮೇಲೆ ನನ್ನ ಹೆಂಡ್ತಿ ಸಾಬಿರಾ ನನ್ನ ಮುಂದೆ ಅನ್ನದ ತಟ್ಟೆ ಇಟ್ಟು, ಪಕ್ಕದಲ್ಲಿ ಸೌದೆ ತುಂಡು ಹಿಡ್ಕೊಂಡು ನಿಂತ್ಲು. ಆಗ ವಾಸಿಯಾಯ್ತು.

ಅಂಕಯ್ಯ ಲೇಖನಿ ಅದ್ದಿ ಕಾದರು. ಮಲ್ಲಿಕಾರ್ಜುನಯ್ಯ ಬೀದಿಯ ಕಡೆ ಮುಖ ಮಾಡಿ, ಯಾರೋ ಬೇರೆಯವರ ಮಾತು ಹೇಳುವವರಂತೆ ಹೇಳಿದರು.

ಮಲ್ಲಿಕಾರ್ಜುನಯ್ಯ: ಬರ್ಕೊಳ್ಳಿ. ಅಂಗೈ ಹಳದಿ ಇದ್ರೆ ಕಣ್ಣೂ ನೋಡ್ಬೇಕು, ಕಸುಬೂ ಕೇಳ್ಬೇಕು.

ಗೌಸ್: ಕಲಿಸಿದೋನು ಗೌಸ್. ಒಸಿ ದಪ್ಪಕ್ಷರದಲ್ಲಿ ಬರೀರಿ ಸ್ವಾಮಿ.

ಒಂದಾಯಿತು. ಎರಡನೆಯದನ್ನಾದರೂ ಮಾನವಾಗಿ ಮುಗಿಸಬೇಕೆಂದು ಮಲ್ಲಿಕಾರ್ಜುನಯ್ಯ ಗಂಟಲು ಸರಿಮಾಡಿಕೊಂಡರು.

ಮಲ್ಲಿಕಾರ್ಜುನಯ್ಯ: ಎರಡನೇದು. ಹೊಟ್ಟೆ ಮೇಲಿನ ಮಣ್ಣಿನ ಪಟ್ಟಿ ಪೂರ್ತಿ ಒಣಗೋಕೆ ಮುಂಚೆ ತೆಗೀಬೇಕು. ಕಲಿಸಿದ್ದು ಸ್ವಂತ ಅನುಭವ.

ಅಂಕಯ್ಯ: ಸ್ವಂತದ್ದು ನಡೆಯಲ್ಲ. ಬೇರೆಯೋರ ಹೆಸರು ಬೇಕು.

ಗಿರಿಜಾಂಬ: ನನ್ನ ಹೆಸರು ಬರ್ಕೊಳ್ಳಿ. ಹುತ್ತದ ಮಣ್ಣು ಕಲಸಿ ಹೊಟ್ಟೆಗೆ ಮೆತ್ಕೊಂಡು ಹಿತ್ತಲ ಬಿಸಿಲಲ್ಲಿ ಮಲಗಿದೋರು ಗೊರಕೆ ಹೊಡೆದ್ರು. ಎದ್ದಾಗ ಹೊಟ್ಟೆ ಮೇಲೆ ಮಡಕೆ! ಕೊನೆಗೆ ನಾನೇ ಗುಂಡುಕಲ್ಲು ತಗೊಂಡು ಮೆಲ್ಲಗೆ ಕುಟ್ಟಿ ಬಿಡಿಸ್ದೆ. ಹೊಟ್ಟೆ ಕೂದಲೆಲ್ಲಾ ಅದರ ಜೊತೇಲೇ ಬಂತು.

ಗೌಸ್: ಅಯ್ಯೋರ ಕೂಗು ಕೇಳಿ ನಮ್ಮ ಸಾಬಿರಾ ಯಾರಿಗೋ ಹೆರಿಗೆ ಅಂತ ಬಿಸಿನೀರು ಹೊತ್ಕೊಂಡು ಓಡಿ ಬಂದಿದ್ಲು!

ಎರಡನೆಯದಕ್ಕೆ ಗಿರಿಜಾಂಬ ಎಂದು ಬರೆಯುತ್ತಿದ್ದ ಅಂಕಯ್ಯನವರ ಭುಜ ನಗುವಿನಿಂದ ಕುಣಿಯಿತು. ಲೇಖನಿಯ ತುದಿಯಿಂದ ಮಸಿ ತೊಟ್ಟಿಕ್ಕಿತು. ಮಲ್ಲಿಕಾರ್ಜುನಯ್ಯನವರಿಗೂ ನಗು ಬಂತು. ಆದರೆ ಹಲಗೆಯ ಕೆಳಗೆ ಕೂತು ನಗುವುದು ಸರಿಯಲ್ಲವೆಂದು ಮೀಸೆಯ ಕೆಳಗೇ ಅದುಮಿಕೊಂಡರು.

ಮಲ್ಲಿಕಾರ್ಜುನಯ್ಯ: ಸಾಕು ನಿಮ್ಮ ಕುಚೋದ್ಯ. ಮೂರನೇದು ನನ್ನ ದೊಡ್ಡ ಕೆಲಸ. ಸಾತನೂರಿನ ಚನ್ನಲಿಂಗಪ್ಪ ಹೊಟ್ಟೆನೋವು ಅಂತ ಈ ಜಗಲಿ ಮೇಲೆ ಬಿದ್ದು ಒದ್ದಾಡ್ತಿದ್ದ. ನೀರಿನ ತೊಟ್ಟೀಲಿ ಎರಡು ದಿನ ಕೂರಿಸ್ದೆ. ಆಮೇಲೆ ನಾನು ಕನಕಪುರಕ್ಕೆ ಹೋಗಿ ನಾಲ್ಕು ದಿನ ಬುಟ್ಟು ಬಂದ್ರೆ, ವಾಸಿಯಾಗಿ ಊರಿಗೇ ಹೊರಟೋಗಿದ್ದ! ತಿಂಗಳು ಕಳೆದ ಮೇಲೆ ಬಾಳೆಗೊನೆ ಹೊತ್ತು ತಂದ. ತೊಟ್ಟಿನೀರಿಗೆ ಎಂಥಾ ಹೊಟ್ಟೆನೋವೂ ನಿಲ್ಲಲ್ಲ ಅಂತ ಬರ್ಕೊಳ್ಳಿ.

ಮೊರದ ಸದ್ದು ನಿಂತಿತು. ಗೌಸ್ ತನ್ನ ಅಂಗೈಯನ್ನೇ ನೋಡಿಕೊಳ್ಳತೊಡಗಿದ.

ಗಿರಿಜಾಂಬ: ಅದನ್ನ ಬರೀಬೇಡಿ ಅಂಕಯ್ಯನೋರೇ.

ಮಲ್ಲಿಕಾರ್ಜುನಯ್ಯ: ಯಾಕೆ?

ಗಿರಿಜಾಂಬ: ಅದನ್ನ ಓದಿ ಇನ್ಯಾರಾದ್ರೂ ಅಂಥ ರೋಗೀನ ತೊಟ್ಟೀಲಿ ಕೂರಿಸ್ತಾರೆ, ಅದಕ್ಕೆ. ನೀವು ಹೋದ ರಾತ್ರಿ ಆ ಮನುಷ್ಯನ ಮೈ ಕೆಂಡ ಆಗಿತ್ತು. ಬೆಳಗಿನ ರೈಲಿಗೆ ನಾನೂ ಗೌಸಣ್ಣನೂ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಬಂದ್ವಿ. ಹೊಟ್ಟೆ ಕೊಯ್ದು ಉಳಿಸ್ಕೊಂಡ್ರು. ಒಂದು ದಿನ ತಡ ಆಗಿದ್ರೆ ಇರ್ತಿರಲಿಲ್ಲ ಅಂದ್ರು.

ಮಲ್ಲಿಕಾರ್ಜುನಯ್ಯ: ಮತ್ತೆ... ಆ ಬಾಳೆಗೊನೆ?

ಗಿರಿಜಾಂಬ: ನನಗೆ ತಂದಿದ್ದು. ನೀವು ಬಾಗಿಲಲ್ಲೇ ನಿಂತು ಇಸ್ಕೊಂಡ್ರಿ.

ಗೌಸ್: ಅಯ್ಯೋರ ಮನಸ್ಸು ನೋಯ್ತದೆ, ಬಾಯಿ ಬಿಡಬೇಡ ಅಂತ ಅವನಿಗೆ ನಾನೇ ಹೇಳಿದ್ದೆ.

ಮಲ್ಲಿಕಾರ್ಜುನಯ್ಯನವರಿಗೆ ಆ ಬಾಳೆಹಣ್ಣು ಬೀದಿಗೆಲ್ಲ ಹಂಚಿ, ಒಂದೊಂದು ಹಣ್ಣಿಗೂ ಒಂದೊಂದು ಸಲ ತಮ್ಮ ಚಿಕಿತ್ಸೆಯ ಕಥೆ ಹೇಳಿದ್ದು ನೆನಪಾಯಿತು. ಗೊನೆಯಲ್ಲಿ ನೂರಕ್ಕೂ ಮೇಲೆ ಹಣ್ಣಿದ್ದವು. ಕಿವಿಯ ತುದಿ ಬಿಸಿಯಾಯಿತು. ಆಮೇಲೆ ಅಂಕಯ್ಯನವರ ಕೈಯಿಂದ ಲೇಖನಿ ತೆಗೆದುಕೊಂಡು ತಾವೇ ಬರೆದರು: 'ತನಗೆ ತಿಳಿಯದ ರೋಗವನ್ನು ತಿಳಿದವರ ಬಳಿಗೆ ಕೂಡಲೇ ಕಳಿಸಬೇಕು. ಕಲಿಸಿದವರು: ಗಿರಿಜಾಂಬ.'

ಮಲ್ಲಿಕಾರ್ಜುನಯ್ಯ: ನಾಳೆವರೆಗೂ ಯಾಕೆ, ಈಗಲೇ ಏಣಿ ತನ್ನಿ. ಇಷ್ಟೆಲ್ಲ ಬರ್ಕೊಟ್ಟ ಮೇಲೆ ಯಾವ ಸರ್ಕಾರ ಸನ್ನದು ಕೊಡ್ತದೆ?

ಅಂಕಯ್ಯ ಮಸಿ ಆರಲೆಂದು ಕಾಗದಕ್ಕೆ ಎರಡು ಸಲ ಊದಿ, ಮಡಿಸಿ ಚೀಲಕ್ಕೆ ಸೇರಿಸಿದರು.

ಅಂಕಯ್ಯ: ಏಣಿ ಬ್ಯಾಡ ಸ್ವಾಮಿ. ಮಾಗಡಿ, ಕನಕಪುರ, ಕ್ಲೋಸ್‌ಪೇಟೆ ಎಲ್ಲಾ ಸುತ್ತಿ ಬಂದಿದೀನಿ. ಅಲ್ಲಿ ಸನ್ನದು ಇದ್ದೋರು ಏಳು ಜನ. ಏಳೂ ಜನ 'ಏನೂ ಇಲ್ಲ' ಅಂತ ಬರ್ಕೊಟ್ಟು ಸನ್ನದು ಕಳ್ಕೊಂಡವ್ರೆ. ಅದನ್ನ ವಾಪಸ್ ಕೊಡೋಕೆ ಮುಂಚೆ ಅವರನ್ನೆಲ್ಲಾ ಮಾಗಡೀಲಿ ಒಂದು ದಿನ ಕೂರಿಸಿ ಪಾಠ ಹೇಳಿಸ್ಬೇಕು ಅಂತ ಮೇಲಿಂದ ಹುಕುಂ ಆಗೈತೆ. ಪಾಠ ಹೇಳೋಕೆ, ವರ್ಷದಲ್ಲಿ ಏನಾದ್ರೂ ಕಲಿತೋರೇ ಆಗ್ಬೇಕಂತೆ. ಈ ನಾಲ್ಕು ತಾಲ್ಲೂಕಲ್ಲಿ ನೀವೊಬ್ರೇ ಸಿಕ್ಕಿದ್ದು.

ಮಲ್ಲಿಕಾರ್ಜುನಯ್ಯನವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹೆಗಲ ವಲ್ಲಿ ಕೊಡವಿ ಹಾಕಿಕೊಂಡರು.

ಮಲ್ಲಿಕಾರ್ಜುನಯ್ಯ: ಪಾಠವೇ? ಬೆಳಗಿನಿಂದ ಸಂಜೆವರೆಗೂ ಹೇಳ್ತೀನಿ, ಒಬ್ಬನೇ ಹೇಳ್ತೀನಿ! ಯಾರೂ ಎದ್ದು ಹೋಗದಂಗೆ ಹೇಳ್ತೀನಿ!

ಗಿರಿಜಾಂಬ: ಒಬ್ರೇ ಹೋಗ್ಬೇಡಿ, ನಾನೂ ಬತ್ತೀನಿ. ನೀವು ಮಾಡಿದ ತಪ್ಪೆಲ್ಲಾ ನಿಮಗೆಲ್ಲಿ ನೆನಪಿರ್ತವೆ?