ಹಬ್ಬದ ರಜದಲ್ಲಿ ನನಗಾದ ಅನ್ಯಾಯಗಳು

ಮೇಷ್ಟ್ರುಗಳಿಗೆ ರಜ ಜಾಸ್ತಿ ಅಂತ ಊರೆಲ್ಲ ಹೊಟ್ಟೆ ಉರಿದುಕೊಳ್ಳುತ್ತದೆ. ಆ ರಜದಲ್ಲಿ ಮೇಷ್ಟ್ರ ಪಾಡು ಏನಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿ ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ ಹೀಗೆ ನಾಲ್ಕೂರಿನ ನೀರು ಕುಡಿದವನು. ಪಾಠ ನಡೆಯುವ ದಿನಗಳಲ್ಲಿ ನನಗೆ ಯಾರಿಂದಲೂ ಅನ್ಯಾಯವಾದದ್ದಿಲ್ಲ. ಆದದ್ದೆಲ್ಲ ಹಬ್ಬದ ರಜದಲ್ಲೇ. ನಾನು ಕೇಳಿದ್ದಾದರೂ ಏನು? ಒಂದಿಷ್ಟು ಆಟ ನೋಡಬೇಕು, ಒಂದು ಒಳ್ಳೆಯ ಊಟ ಮಾಡಬೇಕು, ಒಂದು ಸಿನಿಮಾ ನೋಡಬೇಕು. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಯಾವ ಟೀಮು?

ಶಿಡ್ಲಘಟ್ಟದಲ್ಲಿ ಆಗ ದಸರಾ ರಜ ಬಂತೆಂದರೆ ಬಾಲ್ ಬ್ಯಾಡ್ಮಿಂಟನ್ ಪಂದ್ಯ. ಹಳದಿ ಉಲ್ಲನ್ನಿನ ಚೆಂಡು, ಒಂದೊಂದು ಕಡೆಗೆ ಐದು ಜನ, ಸುತ್ತ ಊರಿಗೆ ಊರೇ. ನನಗೆ ಆ ಆಟದ ಹುಚ್ಚು. ಫೈನಲ್ ದಿನ ಬೆಳಗ್ಗೆ ಏಳಕ್ಕೇ ಹೋಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದು ಕೂತೆ. ಆಟ ನಮ್ಮೂರಿಗೂ ಚಿಂತಾಮಣಿಗೂ.

ಅಂಪೈರ್ ಆಗಬೇಕಾಗಿದ್ದ ಡ್ರಿಲ್ ಮೇಷ್ಟ್ರು ಹಬ್ಬಕ್ಕೆ ಅಂತ ಮಾವನ ಮನೆಗೆ ಹೋದವರು ಬರಲೇ ಇಲ್ಲ. ಪಂದ್ಯ ನಡೆಸುತ್ತಿದ್ದವರು ಒಬ್ಬ ರೇಷ್ಮೆಗೂಡಿನ ವ್ಯಾಪಾರಿ. ಅವರು ಕೂತಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು. ಕಣ್ಣು ಬಂದು ನನ್ನ ಕನ್ನಡಕದ ಮೇಲೆ ನಿಂತಿತು. ಕನ್ನಡಕ ಹಾಕಿಕೊಂಡವರಿಗೆ ಗೆರೆ ಚೆನ್ನಾಗಿ ಕಾಣಿಸುತ್ತೆ ಅಂತ ಅವರ ತೀರ್ಮಾನ. ಸ್ವಾಮಿ, ಕಾಣಿಸದೆ ಇರುವುದಕ್ಕೇ ಕನ್ನಡಕ ಹಾಕಿಕೊಂಡಿರುವುದು ಅಂದೆ. ಮೇಷ್ಟ್ರು ಬಹಳ ವಿನಯವಂತರು ಅಂದುಕೊಂಡು ಕೈಗೆ ಸೀಟಿ ಕೊಟ್ಟರು.

ಬೆಳಗಿನ ಆಟ ಮುಗಿದು ಊಟದ ಹೊತ್ತಾಯಿತು. ಸ್ಕೂಲಿನ ಜಗಲಿಯ ಈ ಕಡೆ ನಮ್ಮೂರಿನವರ ಎಲೆ, ಆ ಕಡೆ ಚಿಂತಾಮಣಿಯವರ ಎಲೆ. ಹೋಳಿಗೆ, ಪುಳಿಯೋಗರೆ, ಆಂಬೊಡೆ, ಎಲ್ಲದರ ವಾಸನೆಯೂ ಒಟ್ಟಿಗೇ ಬರುತ್ತಿತ್ತು. ನಾನು ಈ ಕಡೆ ಹೋಗಿ ಕೂತೆ. ಅಡಿಗೆಯವನು ಹೋಳಿಗೆ ಹಿಡಿದುಕೊಂಡು ಬಂದು, ಯಾವ ಟೀಮು ಅಂದ. ಯಾವ ಟೀಮೂ ಅಲ್ಲಪ್ಪ, ಅಂಪೈರು ಅಂದೆ. ಟೀಮಿನವರಿಗೆ ಮಾತ್ರ ಅಂತ ಹೇಳಿದ್ದಾರೆ ಸ್ವಾಮಿ ಅಂತ ಮುಂದಿನ ಎಲೆಗೆ ಹೋದ. ಎದ್ದು ಆ ಕಡೆ ಹೋದೆ. ಅಲ್ಲಿಯ ಅಡಿಗೆಯವನು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ, "ಮೀರು ಮಾವಾಳ್ಳು ಕಾದು ಕದಾ" ಅಂದ. ನೀವು ನಮ್ಮವರಲ್ಲವಲ್ಲ ಅಂತ.

ಗೂಡಿನ ವ್ಯಾಪಾರಿಯ ಹತ್ತಿರ ದೂರು ಹೇಳಿದೆ. ಅವರು ಗಂಭೀರವಾಗಿ ಯೋಚನೆ ಮಾಡಿದರು. ನೀವು ಈ ಕಡೆ ಉಂಡರೆ ಅವರು ಮಾತಾಡ್ತಾರೆ, ಆ ಕಡೆ ಉಂಡರೆ ನಾವು ಮಾತಾಡ್ತೀವಿ, ಅಂಪೈರ್ ಅಂದಮೇಲೆ ನ್ಯಾಯವಾಗಿರಬೇಕು ನೋಡಿ ಅಂತ ನನಗೇ ಬುದ್ಧಿ ಹೇಳಿ, ತಾವು ಹೋಗಿ ಕೈ ತೊಳೆದುಕೊಂಡು ಕೂತರು. ನಾನು ಬಾವಿಯ ನೀರು ಕುಡಿದೆ.

ಮಧ್ಯಾಹ್ನದ ಆಟದ ಹೊತ್ತಿಗೆ ಆ ಹಳದಿ ಚೆಂಡು ನನ್ನ ಕಣ್ಣಿಗೆ ಹೂರಣದ ಉಂಡೆಯ ಹಾಗೇ ಕಾಣುತ್ತಿತ್ತು. ಆದರೂ ದೇವರ ಸಾಕ್ಷಿಯಾಗಿ ಒಂದು ಗೆರೆಯನ್ನೂ ತಪ್ಪು ಹೇಳಲಿಲ್ಲ. ನಮ್ಮೂರಿನವರು ಎರಡೇ ಪಾಯಿಂಟಿನಲ್ಲಿ ಗೆದ್ದರು. ಸಂಜೆ ನನ್ನ ಮೇಲೆ ಎರಡು ಲಿಖಿತ ದೂರು ಬಂದವು. ಸೋತವರದು, ಅಂಪೈರು ಶಿಡ್ಲಘಟ್ಟದವರ ಹೋಳಿಗೆ ತಿಂದಿದ್ದಾನೆ ಅಂತ. ಗೆದ್ದವರದು, ಹತ್ತು ಪಾಯಿಂಟಿನಲ್ಲಿ ಗೆಲ್ಲುವ ಆಟ ಎರಡಕ್ಕೆ ಇಳಿಯಬೇಕಾದರೆ ಅಂಪೈರು ಚಿಂತಾಮಣಿಯವರ ಹೋಳಿಗೆ ತಿಂದಿರಲೇಬೇಕು ಅಂತ.

ಮಾತಾಡ್ತಾ ಕೂರಣ

ಗೌರಿಬಿದನೂರಿಗೆ ವರ್ಗವಾದ ವರ್ಷವೇ ನನಗೆ ಮದುವೆಯಾಯಿತು. ಅಲ್ಲಿಯ ಹೆಡ್‌ಮಾಸ್ಟರು ತೂಕದ ಮನುಷ್ಯ, ನಗುವವರಲ್ಲ. ಅಂಥವರು ಸಂಕ್ರಾಂತಿ ರಜದಲ್ಲಿ ಮೇಷ್ಟ್ರುಗಳನ್ನೆಲ್ಲ ಊಟಕ್ಕೆ ಕರೆದರು. ನಮ್ಮ ಮನೆಯಲ್ಲಿ ಹಿತುಕಿದ ಬೇಳೆ, ಬೆಳಗ್ಗೆ ಎಂಟಕ್ಕೇ ಬಂದುಬಿಡಿ, ಮಾತಾಡ್ತಾ ಕೂರಣ ಅಂದರು. ಅವರೆಕಾಯಿ ಕಾಲದಲ್ಲಿ ಈ ಸೀಮೆಯವನಿಗೆ ಹಿತುಕಿದ ಬೇಳೆ ಅಂದರೆ ಸಾಕು, ಯಾರ ಮನೆ ಅಂತ ಕೇಳುವುದಿಲ್ಲ. ನಾನು ಹೆಂಡತಿಗೆ ಮಧ್ಯಾಹ್ನ ನನಗೇನೂ ಮಾಡಬೇಡ ಅಂತ ಹೇಳಿ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋದೆ.

ಹೋದರೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಚಾಪೆಯ ಮಧ್ಯೆ ನೆನೆಹಾಕಿದ ಅವರೆಕಾಳಿನ ಎರಡು ಕೊಳಗ. ಸುತ್ತ ಆರು ಮಂದಿ ಮೇಷ್ಟ್ರಿಗೆ ಆರು ತಟ್ಟೆ. ಹೆಡ್‌ಮಾಸ್ಟರು ತಾವು ಕುರ್ಚಿಯಲ್ಲಿ ಕೂತು, ಕೈ ಸುಮ್ಮನೆ ಯಾಕಿರಬೇಕು, ಮಾತಾಡ್ತಾ ಆಡ್ತಾ ಹಿತುಕಿದರೆ ಹೊತ್ತು ಹೋದದ್ದೇ ಗೊತ್ತಾಗಲ್ಲ ಅಂದರು.

ನಮಗೆ ಗೊತ್ತಾಯಿತು. ಅವರೆಕಾಳು ಹಿತುಕಿ ನೋಡಿದವರಿಗೆ ಹೇಳಬೇಕಾಗಿಲ್ಲ. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಸ್ವಲ್ಪ ತಪ್ಪಿದರೆ ಬೇಳೆ ಎದುರಿಗೆ ಕೂತವನ ಮುಖಕ್ಕೆ. ಕನ್ನಡ ಪಂಡಿತರ ಹಣೆಗೆ ನಾನು ಮೂರು ಸಲ ಹೊಡೆದೆ. ಅವರು ಒಂದು ಸಲ ನನ್ನ ಕನ್ನಡಕಕ್ಕೆ ಹೊಡೆದರು. ಮಾತಾಡಿದವರು ಹೆಡ್‌ಮಾಸ್ಟರು ಒಬ್ಬರೇ. ವಿಷಯ ಶಿಸ್ತು. ಒಂದು ಗಂಟೆಯ ಹೊತ್ತಿಗೆ ಎರಡು ಕೊಳಗವೂ ಮುಗಿದು, ನಮ್ಮ ಹೆಬ್ಬೆರಳುಗಳು ಸೀಮೆಸುಣ್ಣ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ಎಲೆ ಹಾಕಿದರು. ಅನ್ನ ಬಂತು. ಅದರ ಮೇಲೆ ತೊವ್ವೆ ಬಂತು. ಸಪ್ಪೆ ತೊಗರಿಬೇಳೆ ತೊವ್ವೆ. ನಾವು ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಪಂಡಿತರು ಧೈರ್ಯ ಮಾಡಿ, ಹಿತುಕಿದ ಬೇಳೆ ಅಂದಿದ್ದಿರಿ ಅಂತ ನೆನಪು ಮಾಡಿದರು.

"ನಾಳೆ ಅಳಿಯಂದಿರು ಬರ್ತಾರೆ, ಅವರಿಗೆ. ನಿಮ್ಮ ಕೈಯಲ್ಲಿ ಬೆಳಗಿನಿಂದ ಅದೇ ಇತ್ತಲ್ಲ, ಬೇಜಾರು ಬಂದಿರುತ್ತೆ ಅಂತ ನಮ್ಮನೇಲಿ ತೊವ್ವೆ ಮಾಡಿದ್ದಾರೆ" ಅಂದರು ಹೆಡ್‌ಮಾಸ್ಟರು.

ಉರಿದುಕೊಂಡು ಮನೆಗೆ ಬಂದೆ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿ, ಆ ಸಾರಿನ ಒಂದು ತೊಟ್ಟೂ ಬಾಯಿಗೆ ಬೀಳಲಿಲ್ಲ ಅಂದೆ. ಅವಳು ನನ್ನ ಕೈ ಹಿಡಿದು ಮೂಸಿ ನೋಡಿದಳು. ಅವರೆಯ ಸೊಗಡು ಮೊಣಕೈವರೆಗೂ ಘಂ ಅನ್ನುತ್ತಿತ್ತು.

"ನನ್ನನ್ನ ಬಿಟ್ಟು ತಿಂದು ಬಂದಿದ್ದೀರಿ, ಹೋಗಲಿ ಬಿಡಿ. ಸುಳ್ಳು ಯಾಕೆ ಹೇಳ್ತೀರಿ" ಅಂದಳು.

ಬೆಳ್ಳಿ ಪರದೆಯ ಮೇಲೆ ನಾನು

ಚಿಂತಾಮಣಿಯಲ್ಲಿದ್ದಾಗ ದೀಪಾವಳಿಗೆ ಹೊಸ ಸಿನಿಮಾ ಬಂತು. ಹೆಂಡತಿಯ ತಮ್ಮ ಮುಳಬಾಗಿಲಿನಿಂದ ಹಬ್ಬಕ್ಕೆ ಬರುವವನಿದ್ದ. ಅವನು ಬಂದಮೇಲೆ ಎಲ್ಲರೂ ಒಟ್ಟಿಗೆ ಹೋಗಣ ಅಂತ ಅವಳ ಯೋಚನೆ. ಆ ಭಾವಮೈದನ ಪಕ್ಕದಲ್ಲಿ ಕೂತು ಸಿನಿಮಾ ನೋಡಿದವರಿಗೆ ನನ್ನ ಕಷ್ಟ ಅರ್ಥವಾದೀತು. ಹೀರೋ ಬಾಯಿ ತೆರೆಯುವುದಕ್ಕೆ ಮುಂಚೆ ಇವನು ತೆರೆಯುತ್ತಾನೆ. ಹಾಗಾಗಿ ಲ್ಯಾಬೊರೇಟರಿಯಲ್ಲಿ ಸಾಮಾನು ಲೆಕ್ಕ ನೋಡುವುದಿದೆ ಅಂತ ಹೇಳಿ, ಒಬ್ಬನೇ ಮ್ಯಾಟಿನಿಗೆ ಹೋದೆ. ಸುಳ್ಳು ಹೇಳಿದ್ದು ತಪ್ಪೇ. ಆದರೆ ಅದಕ್ಕೆ ಆದ ಶಿಕ್ಷೆ ಜಾಸ್ತಿಯಾಯಿತು.

ಹಬ್ಬದ ದಿನ, ಟಾಕೀಸು ತುಂಬಿ ತುಳುಕುತ್ತಿತ್ತು. ಕಥೆ ಬಹಳ ಚೆನ್ನಾಗಿತ್ತು. ಇಂಟರ್‌ವಲ್ ಹೊತ್ತಿಗೆ ಹೀರೋಯಿನ್ನಿನ ಅಣ್ಣನ ಮೇಲೆ ಕೊಲೆಯ ಆಪಾದನೆ ಬಂದು, ನಾನು ಕುರ್ಚಿಯ ತುದಿಯಲ್ಲಿದ್ದೆ. ಆಗ ಪರದೆಯ ಮೇಲೆ ಜಾಹೀರಾತಿನ ಸ್ಲೈಡುಗಳು ಬಂದವು. ಬೀಡಿಯದು ಬಂತು, ಸೋಪಿನದು ಬಂತು, ಆಮೇಲೆ ಕೈಯಲ್ಲಿ ಬರೆದ ಒಂದು ಸ್ಲೈಡ್ ಬಂತು. "ಹೈಸ್ಕೂಲು ಸೈನ್ಸ್ ಮೇಷ್ಟ್ರು ಎಲ್ಲಿದ್ದರೂ ತಕ್ಷಣ ಮನೆಗೆ ಬರತಕ್ಕದ್ದು."

ಅಲ್ಲಾಡದೆ ಕೂತರೆ ಯಾರಿಗೆ ತಿಳಿಯುತ್ತದೆ ಅಂತ ತಲೆ ತಗ್ಗಿಸಿದೆ. ಹಿಂದಿನ ಸಾಲಿನಿಂದ ನನ್ನ ಹತ್ತನೇ ಕ್ಲಾಸಿನವರು ಒಟ್ಟಿಗೆ ಎದ್ದು ನಿಂತು, "ಸಾರ್, ನಿಮ್ಮನ್ನೇ" ಅಂದರು. ಕ್ಲಾಸಿನಲ್ಲಿ ಹೆಸರು ಕೂಗಿದರೂ ಎದ್ದು ನಿಲ್ಲದ ಹುಡುಗರು.

ಮನೆಯಲ್ಲಿ ಏನು ಆಗಬಾರದ್ದು ಆಯಿತೋ ಅಂತ ಓಡಿದೆ. ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವರನ್ನು ಕೇಳಿದರೆ ಅಕ್ಕ ತಮ್ಮ ಇಬ್ಬರೂ ಹೊರಗೆ ಹೋದರು ಅಂದರು. ಜಗಲಿಯ ಮೇಲೆ ಎರಡು ಗಂಟೆ ಕೂತೆ. ಸಂಜೆ ಇಬ್ಬರೂ ನಗುತ್ತ ಬಂದರು. ನಡೆದದ್ದು ಇಷ್ಟು. ಇವರು ಟಾಕೀಸಿಗೆ ಹೋದಾಗ ಹೆಂಗಸರ ಕಡೆ ಒಂದು ಜಾಗ ಹೇಗೋ ಸಿಕ್ಕಿತಂತೆ. ಗಂಡಸರ ಕಡೆ ಯಾರಾದರೂ ಎದ್ದು ಹೋದರೆ ಮಾತ್ರ ಅಂತ ಗೇಟಿನವನು ಅಂದನಂತೆ. ಮೇಷ್ಟ್ರು ಆಗಲೇ ಒಳಗಿದ್ದಾರಲ್ಲಮ್ಮ ಅಂತಲೂ ಅವನೇ ಹೇಳಿದನಂತೆ. ಹಾಗಾದರೆ ಅವರನ್ನೇ ಎಬ್ಬಿಸಿ ಅಂದಳಂತೆ ನನ್ನ ಧರ್ಮಪತ್ನಿ.

ಬಯ್ಯಬೇಕು ಅಂತ ಬಾಯಿ ತೆರೆದೆ. ಭಾವಮೈದ ನನ್ನ ಪಕ್ಕದಲ್ಲಿ ಬಂದು ಕೂತು, "ಭಾವ, ನಾನು ನೋಡಿದ್ದು ಇಂಟರ್‌ವಲ್ ಆದಮೇಲಿನದು. ಮುಂಚಿನ ಕಥೆ ಸ್ವಲ್ಪ ಹೇಳಿ" ಅಂದ.

ನಾನು ಹೇಳಲಿಲ್ಲ. ಅವನೂ ಹೇಳಲಿಲ್ಲ. ಆ ಕೊಲೆ ಮಾಡಿದವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನೀರು ಕುಡೀತಿದ್ದಾರೆ

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿತ್ತು. ಅಲ್ಲಿ ರೇಡಿಯೋ ಇತ್ತು. ಸಂಕ್ರಾಂತಿ ರಜದಲ್ಲಿ ಮದರಾಸಿನಲ್ಲಿ ಟೆಸ್ಟ್ ಪಂದ್ಯ ನಡೆದರೆ, ಊರಿನ ಗಂಡಸರೆಲ್ಲ ಮನೆಯಲ್ಲಿ ಎಳ್ಳು ಬೆಲ್ಲ ತಿಂದು ಬಾಯಿ ಒರೆಸಿಕೊಂಡು ಅಲ್ಲಿಗೇ ಬರುವರು. ಕಾಮೆಂಟರಿ ಇಂಗ್ಲಿಷಿನಲ್ಲಿ. ಬಂದವರಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬ. ಹೋಟೆಲಿನ ಭಟ್ಟರು ನನ್ನನ್ನು ರೇಡಿಯೋ ಪಕ್ಕದಲ್ಲಿ ಕೂರಿಸಿ, ಕೇಳಿ ಕೇಳಿ ಕನ್ನಡದಲ್ಲಿ ಹೇಳಿ ಮೇಷ್ಟ್ರೇ ಅಂದರು. ನನಗೂ ಸಂತೋಷವೇ ಆಯಿತು. ಕ್ರಿಕೆಟ್ ಅಂದರೆ ಪ್ರಾಣ, ಮೇಲೆ ಮರ್ಯಾದೆ ಬೇರೆ.

ಆ ದಿನ ನಮ್ಮವರ ಗ್ರಹಚಾರ ಸರಿಯಿರಲಿಲ್ಲ. ಮೊದಲನೇ ವಿಕೆಟ್ ಬಿತ್ತು, ಹೇಳಿದೆ. ಎಲ್ಲರೂ ನನ್ನ ಮುಖ ನೋಡಿದರು. ಹತ್ತು ನಿಮಿಷಕ್ಕೆ ಇನ್ನೊಂದು ಬಿತ್ತು, ಹೇಳಿದೆ. ಜವಳಿ ಅಂಗಡಿಯವರೊಬ್ಬರು, ಸರಿಯಾಗಿ ಕೇಳಿಸಿಕೊಂಡಿರಾ ಅಂತ ವಿಚಾರಿಸಿದರು. ಊಟದ ಹೊತ್ತಿಗೆ ಸರಿಯಾಗಿ ಮೂರನೆಯದು ಹೋಯಿತು. ಭಟ್ಟರು ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ, "ಬೆಳಗಿನಿಂದ ಒಂದು ಒಳ್ಳೆ ಮಾತು ನಿಮ್ಮ ಬಾಯಲ್ಲಿ ಬರಲಿಲ್ಲವಲ್ಲ ಮೇಷ್ಟ್ರೇ" ಅಂದರು. ನಾನು ಔಟ್ ಮಾಡಿದ್ದಲ್ಲ, ಅಲ್ಲಿ ಆದದ್ದನ್ನು ಹೇಳಿದೆ ಅಂದೆ. ಹೇಳುವ ರೀತಿ ಒಂದಿರುತ್ತೆ ಅಂದರು ಜವಳಿ ಅಂಗಡಿಯವರು. ಮಧ್ಯಾಹ್ನ ಊಟ ಮಾಡಿಕೊಂಡು ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಬೇರೆಯವರು ಕೂತಿದ್ದರು.

ಅವರು ಕೋರ್ಟಿನಲ್ಲಿ ಅಮೀನರಾಗಿ ರಿಟೈರ್ ಆದವರು. ಮೂವತ್ತು ವರ್ಷ ಜಪ್ತಿ ಮಾಲು ಹರಾಜು ಕೂಗಿದ ಗಂಟಲು. ಇಂಗ್ಲಿಷಿನಲ್ಲಿ ಅವರಿಗೆ ತಮ್ಮ ರುಜು ಒಂದು ಗೊತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ರೇಡಿಯೋದಲ್ಲಿ ಜನ ಹೋ ಅಂದರೆ ಅಮೀನರು ಎದ್ದು ನಿಂತು, "ನಾಲ್ಕು" ಅಂತ ಕೂಗುವರು. ಇಡೀ ಹೋಟೆಲ್ ಚಪ್ಪಾಳೆ ಹೊಡೆಯುವುದು. ನಮ್ಮವರು ಔಟಾದರೆ ಮದರಾಸಿನ ಜನ ಗಪ್‌ಚಿಪ್. ಹೋಟೆಲಿನವರೆಲ್ಲ ಏನಾಯಿತು ಅಂತ ಕತ್ತು ಚಾಚುವರು. ಅಮೀನರು ಒಂದು ಕ್ಷಣ ಕಿವಿಗೊಟ್ಟು, ಕೈಯಿಂದ ಸಮಾಧಾನ ಮಾಡಿ ಹೇಳುವರು.

"ಏನಿಲ್ಲ. ನೀರು ಕುಡೀತಿದ್ದಾರೆ."

ಆ ಮಧ್ಯಾಹ್ನ ನಮ್ಮವರು ಏಳು ಸಲ ನೀರು ಕುಡಿದರು.

ಔಟಾದದ್ದು ಕಣ್ರೀ ಅಂತ ನಾನು ಎರಡು ಸಲ ಎದ್ದು ಹೇಳಿದೆ. ಎರಡು ಸಲವೂ ಕೂರಿಸಿದರು. ಭಟ್ಟರು ಸಂತೋಷದಲ್ಲಿ ಎಲ್ಲರಿಗೂ ಅವರೆಕಾಳಿನ ಉಪ್ಪಿಟ್ಟು ಕೊಟ್ಟರು. ನನಗೂ ಕೊಟ್ಟರು, ಪಾಪ ಅಂತ. ಸಾಯಂಕಾಲ ರೇಡಿಯೋ ಆರಿಸಿದಾಗ, ಅಮೀನರ ಪ್ರಕಾರ ನಮ್ಮವರ ಬರೀ ನಾಲ್ಕುಗಳೇ ಅರವತ್ತು ಚಿಲ್ಲರೆ. ಜನ ಹೆಗಲ ಮೇಲೆ ಕೈ ಹಾಕಿಕೊಂಡು ಮನೆಗೆ ಹೋದರು.

ನನಗೆ ಆ ರಾತ್ರಿ ಅನ್ನ ಸೇರಲಿಲ್ಲ. ಸತ್ಯಕ್ಕೆ ಇದೇನು ಗತಿ ಅಂತ. ಮಾರನೆಯ ದಿನ ಬೆಂಗಳೂರಿನ ಮೊದಲನೇ ಬಸ್ಸಿಗೇ ಕಾದು ನಿಂತು ಕನ್ನಡ ಪೇಪರು ಕೊಂಡೆ. ಮೊದಲನೇ ಪುಟದಲ್ಲೇ ಇತ್ತು, ಹತ್ತೂ ವಿಕೆಟ್ ಬಿದ್ದದ್ದು, ಯಾರು ಎಷ್ಟಕ್ಕೆ ಅಂತ. ನೇರವಾಗಿ ಹೋಟೆಲಿಗೆ ಹೋಗಿ, ಏನೂ ಮಾತಾಡದೆ, ಅಮೀನರ ಮುಂದೆ ಪೇಪರು ಹರಡಿದೆ. ನಿನ್ನೆಯವರೆಲ್ಲ ಸುತ್ತ ಸೇರಿದರು. ಅಮೀನರು ಕನ್ನಡಕ ಏರಿಸಿಕೊಂಡು ಒಂದು ಅಕ್ಷರ ಬಿಡದೆ ಓದಿದರು. ಎರಡನೇ ಸಲ ಓದಿದರು. ಈಗಲಾದರೂ ಒಪ್ಪಿಕೊಳ್ಳುತ್ತಾರೆ ಅಂತ ನಾನು ಕೈ ಕಟ್ಟಿ ನಿಂತಿದ್ದೆ.

ಅಮೀನರು ಕನ್ನಡಕ ತೆಗೆದು, ಪೇಪರನ್ನು ನೀಟಾಗಿ ಮಡಿಸಿ ನನ್ನ ಕೈಗೇ ಕೊಟ್ಟರು.

"ಪೇಪರಿನೋರದೇನೂ ತಪ್ಪಿಲ್ಲ ಬಿಡಿ" ಅಂದರು. "ಅವರಿಗೂ ಕನ್ನಡದಲ್ಲಿ ಹೇಳೋಕೆ ನಮ್ಮ ಮೇಷ್ಟ್ರಂಥೋರೇ ಯಾರೋ ಸಿಕ್ಕಿದ್ದಾರೆ."