ಸಾಮಾನು ತೆಗೆಯತಕ್ಕದ್ದು!

“ಇವತ್ತಿನಿಂದ ನಮ್ಮ ಓಣ್ಯಾಗಿನ ಒಬ್ಬರೂ ಏನರ ಕೇಳಾಕ ಅಂತ ಬಲ್ದಿಯಾಕ್ಕ ಹೋಗಬಾರದು. ನಾ ಅದೀನಿ!”

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಬಸ್ಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಲ್ಲಲಿಲ್ಲ.

“ನೀವು ಅದೀರಿ ಅಂತ ಬಲ್ದಿಯಾದವರಿಗೆ ಗೊತ್ತದೇನ್ರಿ?” ಎಂದಳು.

ಇಂಥ ಮಾತಿಗೆಲ್ಲ ನಾನು ಬೆಲೆ ಕೊಡುವವನಲ್ಲ. ದೊಡ್ಡ ಕೆಲಸಕ್ಕೆ ಹೊರಟವರಿಗೆ ಮೊದಲ ಪೆಟ್ಟು ಒಲೆಯ ಮುಂದಿನಿಂದಲೇ ಬೀಳುತ್ತದೆ!

ವಿಷಯ ಹೀಗಿತ್ತು. ನಿಜಾಮರ ಕಾಲ ಮುಗಿದು ಕೆಲವು ವರ್ಷ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಸುರಪುರ, ಹಿಂದಿನ ವರ್ಷವಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಮಂದಿಯ ಬಾಯಲ್ಲಿ ‘ಬಲ್ದಿಯಾ’ ಆಗಿದ್ದ ಕಚೇರಿಯ ಬಾಗಿಲ ಮೇಲೆ ‘ಪುರಸಭೆ’ ಎಂಬ ಹೊಸ ಹಲಗೆ ಬಂತು. ಉರ್ದುವಿನಲ್ಲಿ ಬರುತ್ತಿದ್ದ ಹುಕುಂ ಕನ್ನಡದಲ್ಲಿ ಬರತೊಡಗಿತು. ಅದೂ ಎಂಥ ಕನ್ನಡ! ‘ಸಲ್ಲಿಸತಕ್ಕದ್ದು’, ‘ತೆರವುಗೊಳಿಸತಕ್ಕದ್ದು’, ‘ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು’! ಉರ್ದು ತಿಳಿಯದಿದ್ದಾಗ ಸುಮ್ಮನಿದ್ದ ನಮ್ಮ ಮಂದಿ, ಕನ್ನಡವೂ ತಿಳಿಯದೇ ಹೋದಾಗ ನಿಜವಾಗಿ ಗಾಬರಿಯಾದರು.

ನಾನು ಸಾಲಿ ಮಾಸ್ತರ. ತರಬೇತಿಗೆಂದು ಒಂದು ತಿಂಗಳು ಮೈಸೂರಿನಲ್ಲಿದ್ದು ಬಂದವನು. ಅಲ್ಲಿಂದ ನಾನು ತಂದದ್ದು ಒಂದು ಕೊಡೆ ಮತ್ತು ಈ ‘ತಕ್ಕದ್ದು’. ಕೊಡೆ ಬಸ್ಸಿನಲ್ಲೇ ಉಳಿಯಿತು.

ಎದುರು ಮನೆಯ ಬೀರಣ್ಣ, ಕುರಿ ಸಾಕಿದವನು, ಮೊದಲಿಗನಾಗಿ ಬಂದ. “ಮಾಸ್ತರ, ಈ ತಕ್ಕದ್ದು ಅಂದ್ರೇನ್ರಿ?”

“ಮಾಡು ಅಂದ್ರ ಮಾಡಬಹುದು, ಬಿಡಬಹುದು. ಮಾಡತಕ್ಕದ್ದು ಅಂದ್ರ, ಬಿಟ್ಟರ ಬಂತು ನಿನ್ನ ಬುಡಕ್ಕ!”

“ಹಂಗಾರ ಕುರಿ ಬಾಗಲ ಮುಂದ ಕಟ್ಟಬಹುದೇನ್ರಿ?”

ನನಗೇನು ಗೊತ್ತು? ಆದರೆ ಬಾಯಿ ನಿಲ್ಲಬೇಕಲ್ಲ! “ಕಟ್ಟಬಹುದು. ಆದರ ಕುರಿ ಮುಖ ಮನಿ ಕಡೆ ಇರತಕ್ಕದ್ದು.”

ಪಾಪ, ಅವನು ಅಂದು ಸಂಜೆಯಿಡೀ ಕುರಿಗಳ ಮುಖ ತಿರುಗಿಸುತ್ತ ಕೂತಿದ್ದ. ಇತ್ತ ತಿರುಗಿಸಿದರೆ ಅತ್ತ ತಿರುಗುವ ಜಾತಿ ಅದು! ಪಕ್ಕದ ಮನೆಯ ಕುಬ್ರಾಬೇಗಂ ಪರದೆಯ ಹಿಂದಿನಿಂದಲೇ ಕೇಳಿದಳು: “ಮಾಸ್ತರ್ ಸಾಬ, ಬರೋ ಶುಕ್ರವಾರ ಜುಮ್ಮಾಕ್ಕ ನಮ್ಮ ಆಮೀನಾನ ಶಾದಿ. ಓಣ್ಯಾಗ ಹಂದರ ಹಾಕಬಹುದಾ?” ಅದಕ್ಕೂ ನನ್ನ ಬಳಿ ಉತ್ತರವಿತ್ತು. ನಳದ ಕೆಳಗೆ ಪಾತ್ರೆ ತಿಕ್ಕಬಹುದೇ, ಬೂದಿ ಎಲ್ಲಿ ಚೆಲ್ಲಬೇಕು, ನಾಯಿಗೆ ಬಿಲ್ಲೆ ಕಟ್ಟಬೇಕೇ, ಎಲ್ಲದಕ್ಕೂ ಉತ್ತರವಿತ್ತು. ಅರ್ಧ ಊಹೆ, ಅರ್ಧ ಧೈರ್ಯ.

ಹೀಗಿರುವಾಗ ಒಂದು ಸಂಜೆ ಡಂಗುರ ಬಂತು.

ನಮ್ಮ ಓಣಿ ಗುಡ್ಡದ ಇಳಿಜಾರಿನಲ್ಲಿದೆ. ಡಂಗುರದವನು ಮೇಲಿನ ತಿರುವಿನಲ್ಲಿ ನಿಂತು ಸಾರಿದ. ಊರಿನ ನಾಯಿಗಳೆಲ್ಲ ಅವನ ಜೊತೆಗೇ ಸಾರತೊಡಗಿದವು. ನಮಗೆ ಕೇಳಿಸಿದ್ದು ಇಷ್ಟು: “...ನಾಳೆ ಬೆಳಿಗ್ಗೆ... ಮನೆಗಳ ಹೊರಗಿ... ಸಾಮಾನು... ತೆಗೆಯತಕ್ಕದ್ದು...” ಹಲಗೆ ಬಡಿತ, ಬೊಗಳಾಟ, ಮುಗಿಯಿತು.

ಓಣಿಯ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಬೀರಣ್ಣನ ಕುರಿಗಳೂ ಸಹ.

“ಇನ್ನೂ ತಿರುವಿನ್ಯಾಗ ನಿಂತಾನ್ರಿ. ಹೋಗಿ ಒಮ್ಮಿ ಕೇಳಿ ಬರ್ರಿ,” ಎಂದಳು ಬಸ್ಸಮ್ಮ.

“ಏನಂದಿ? ನಾ ಕೇಳಾಕ ಹೋಗಬೇಕಾ? ನನ್ನ ಕೇಳಾಕ ಮಂದಿ ಬರ್ತಾರ!” ಎಂದು ಎದೆಯುಬ್ಬಿಸಿ ಓಣಿಯ ಕಡೆ ತಿರುಗಿದೆ. “ಕೇಳ್ರಿ! ನಾಳೆ ಮುಂಜಾನಿ ಮಲೇರಿಯಾದವರು ಬರ್ತಾರ. ಗ್ವಾಡಿಗೆ ಬಿಳಿ ಮದ್ದು ಹೊಡಿತಾರ. ಯಾದಗಿರ್ಯಾಗ ನನ್ನ ಭಾವನ ಮನಿಗೆ ಹೊಡದಾರ. ಮನಿ ಸಾಮಾನೆಲ್ಲ ಹೊರಗ ತೆಗೆಯತಕ್ಕದ್ದು! ಸೂಜಿ ಸುದ್ದಾ ಒಳಗ ಉಳಿಬಾರದು!”

ಸೂಜಿಯ ಮಾತು ಡಂಗುರದಲ್ಲಿರಲಿಲ್ಲ. ಅದು ನನ್ನ ಸ್ವಂತದ ಕೊಡುಗೆ.

ಮರುದಿನ ಹೊತ್ತು ಮೂಡುವಷ್ಟರಲ್ಲಿ ಓಣಿಗೆ ಓಣಿಯೇ ಹೊರಗೆ ಬಂದಿತ್ತು! ಹೊರಸು, ಗಡಿಗೆ, ತೊಟ್ಟಿಲು, ಕೌದಿ, ಬೀಸುವ ಕಲ್ಲು. ಕುಬ್ರಾಬೇಗಂ ಮಗಳಿಗೆಂದು ಕೂಡಿಟ್ಟ ಹೊಸ ಪೆಟ್ಟಿಗೆ, ಗಾದಿ, ಫಳಫಳ ಹೊಳೆಯುವ ತಾಮ್ರದ ಹಂಡೆ. ನಾನು ಕೈ ಹಿಂದೆ ಕಟ್ಟಿಕೊಂಡು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಪಾಸಣೆ ನಡೆಸಿದೆ. ನಮ್ಮ ಮನೆಯ ಸಾಮಾನು ಹೊರಬರುವವರೆಗೆ ಈ ಗತ್ತು ನಡೆಯಿತು.

“ಅರೆ, ಇದು ನನ್ನ ಕೊಡ್ಲಿ!” ಎಂದ ಬೀರಣ್ಣ.

“ಈ ಜರಡಿ ನಮ್ಮದು. ಕಳದದ ಅಂತ ನಮ್ಮ ಸೊಸಿಗಿ ಬೈದಿದ್ದೆ!” ಎಂದಿತು ಪರದೆಯ ಹಿಂದಿನ ಧ್ವನಿ.

ಬಸ್ಸಮ್ಮ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಇಷ್ಟಕ್ಕೇ ಮುಗಿದಿದ್ದರೆ ನಾಚಿಕೆ ಎಂಬುದು ನನಗೆ ಸಣ್ಣದರಲ್ಲೇ ಕಳೆದುಹೋಗುತ್ತಿತ್ತು.

ಓಣಿಯ ಕೊನೆಯ ಮನೆ ತಿಮ್ಮವ್ವನದು. ಮುದುಕಿ, ಒಬ್ಬಳೇ. ಮೊಣಕಾಲು ಹಿಡಿದುಕೊಂಡ ಮೇಲೆ ಕೂಲಿಗೆ ಹೋಗುವುದು ನಿಂತಿತ್ತು. ಯಾರಾದರೂ ಒಂದು ಸೇರು ಜೋಳ ಕೊಡಹೋದರೆ, “ನನಗ್ಯಾಕವ್ವ, ಮನ್ಯಾಗ ಎರಡು ಚೀಲ ತುಂಬಿ ಇಟ್ಟೀನಿ” ಎನ್ನುತ್ತಿದ್ದಳು. ಬಾಗಿಲ ಸಂದಿಯಿಂದ ಆ ಚೀಲಗಳು ಎಲ್ಲರಿಗೂ ಕಾಣುತ್ತಿದ್ದವು. ಅಂದು ಅವಳ ಮನೆ ಮುಂದೆ ಒಂದು ಗಡಿಗೆ, ಒಂದು ಕೌದಿ ಮಾತ್ರ ಇದ್ದವು.

“ಅವ್ವಾ, ಜೋಳದ ಚೀಲ?” ಎಂದೆ.

“ಅವೂ ತರಬೇಕೇನಪಾ? ಬ್ಯಾಡ ಬಿಡು. ವಜ್ಜಿ ಅದಾವ, ಎತ್ತಾಕಾಗಂಗಿಲ್ಲ.”

“ತರತಕ್ಕದ್ದು ಅವ್ವಾ! ಕಾಯ್ದಿ ಅಂದ್ರ ಎಲ್ಲಾರಿಗೂ ಒಂದ. ಏ ಬೀರಣ್ಣ, ಒಂದಿಷ್ಟು ಕೈ ಹಚ್ಚು!”

ಮುದುಕಿ ಬಾಗಿಲಿಗೆ ಅಡ್ಡ ನಿಂತಳು, ಏನೋ ಹೇಳಲು ಹೋದಳು. ಅಷ್ಟರಲ್ಲಿ ಬೀರಣ್ಣ ಒಳಗೆ ನುಗ್ಗಿಯಾಗಿತ್ತು. ತುಂಬಿದ ಚೀಲವೆಂದು ಕಾಲು ಊರಿ, ಉಸಿರು ಬಿಗಿಹಿಡಿದು, ಹೂಂಕರಿಸಿ ಎತ್ತಿದ ನೋಡಿ! ಚೀಲ ಅವನ ತಲೆಯ ಮೇಲಿಂದ ಹಾರಿ ಓಣಿಯಲ್ಲಿ ಬಿತ್ತು. ಅವನು ಹೊಸ್ತಿಲ ಮೇಲೆ ಅಂಗಾತ ಬಿದ್ದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಆಗ ಚೀಲದ ಬಾಯಿ ಬಿಚ್ಚಿಕೊಂಡಿತು. ಒಳಗಿದ್ದದ್ದು ಹೊಟ್ಟು. ಬರೀ ಹೊಟ್ಟು. ಗಾಳಿಗೆ ಎದ್ದು ನಮ್ಮೆಲ್ಲರ ತಲೆಯ ಮೇಲೆ ಕೂತಿತು.

ನಗು ನಿಂತ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ತಿಮ್ಮವ್ವ ಸೆರಗಿನ ತುದಿ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಇಡೀ ಓಣಿಗೆ ಉತ್ತರ ಕೊಡುತ್ತಿದ್ದ ನಾನು ಬಗ್ಗಿ ಹೊಟ್ಟು ಬಾಚತೊಡಗಿದೆ.

ಬಸ್ಸಮ್ಮ ಸರಸರ ಬಂದು ಚೀಲದ ಬಾಯಿ ಹಿಡಿದಳು. “ಅಯ್ಯ ಬೀರಣ್ಣ, ಇದನ್ನ್ಯಾಕ ತಂದಿ? ಇವು ನಮ್ಮ ಎಮ್ಮಿ ಹೊಟ್ಟು. ನಮ್ಮ ಮನ್ಯಾಗ ಜಾಗಿಲ್ಲಂತ ನಾನ ಅವ್ವನ ಮನ್ಯಾಗ ಇಟ್ಟಿದ್ದೆ.”

ನಮ್ಮ ಮನೆಯಲ್ಲಿ ಎಮ್ಮೆ ಇರಲೇ ಇಲ್ಲ. ಅದು ಓಣಿಗೆಲ್ಲ ಗೊತ್ತಿತ್ತು.

ಬೀರಣ್ಣ ಬೆನ್ನು ತಿಕ್ಕಿಕೊಳ್ಳುತ್ತ ಎದ್ದು, “ಹೌದಲ್ಲ! ನಿಮ್ಮ ಎಮ್ಮಿದು. ಮರತಿದ್ದೆ ನೋಡ್ರಿ,” ಎಂದ. “ಭಾಳ ತಿಂತದ ಅದು,” ಎಂದಳು ಕುಬ್ರಾಬೇಗಂ, ಪರದೆಯ ಹಿಂದಿನಿಂದ. ಒಂದು ಕ್ಷಣದಲ್ಲಿ ಇಡೀ ಓಣಿಯೇ ಸೇರಿ ಇಲ್ಲದ ಎಮ್ಮೆಯೊಂದನ್ನು ಸಾಕಿಬಿಟ್ಟಿತು!

ಅದೇ ಹೊತ್ತಿಗೆ ಕೆಳಗಿನಿಂದ ಗಾಡಿಗಳ ಸದ್ದು ಬಂತು. ಪುರಸಭೆಯ ಜಮಾದಾರ ಮೆಹಬೂಬ ಮುಂದೆ, ಎರಡು ಖಾಲಿ ಎತ್ತಿನ ಗಾಡಿ ಹಿಂದೆ. ಮದ್ದು ಹೊಡೆಯುವ ಪಂಪು ಎಲ್ಲೂ ಕಾಣಲಿಲ್ಲ.

ಮೆಹಬೂಬ ಓಣಿಯನ್ನು ನೋಡಿ ಬಾಯಿ ತೆರೆದ. “ಏನ್ರಿ ಮಾಸ್ತರ್ ಸಾಬ, ಓಣಿಗೆ ಓಣೀನ ಊರು ಬಿಟ್ಟು ಹೊಂಟದೇನು?”

“ಮದ್ದು ಹೊಡ್ಯಾಕ...” ಎಂದೆ.

“ಎಲ್ಲೀ ಮದ್ದು? ದಾರಿ ಸಣ್ಣದಾಗ್ಯದ ಅಂತ, ಮನಿ ಹೊರಗಿನ ಸಾಮಾನು ತೆಗೀರಿ ಅಂತ ಸಾರ್ಸಿದ್ದು. ಓಣ್ಯಾಗ ಏನು ಕಂಡ್ರೂ ಗಾಡಿಗೆ ಹಾಕೊಂಡು ಬಾ ಅಂತ ಹುಕುಂ ಅದ ನನಗ!”

ಹೊರಗಿನ ಸಾಮಾನು ತೆಗೆಯಬೇಕಿತ್ತು. ನಾನು ಸಾಮಾನನ್ನು ಹೊರಗೆ ತೆಗೆಸಿದ್ದೆ!

ಮುಂದಿನದನ್ನು ಏನೆಂದು ಹೇಳಲಿ! “ಮಗಳ ಸಾಮಾನೋ!” ಎಂದು ಕುಬ್ರಾಬೇಗಂ ಪರದೆ ಬಿಟ್ಟು ಓಣಿಗೇ ಓಡಿಬಂದಳು. ಹೊರಸಿಗೆ ಹೊರಸು ಸಿಕ್ಕಿಕೊಂಡಿತು, ಕುರಿಗಳು ಗಾದಿ ಹತ್ತಿದವು. ಯಾರದೋ ಕಾಲು ತಾಗಿ ತಾಮ್ರದ ಹಂಡೆ ಇಳಿಜಾರಿನಲ್ಲಿ ಉರುಳತೊಡಗಿತು. ಧೋತರ ಎತ್ತಿ ಕಟ್ಟಿ ಅದರ ಹಿಂದೆ ನಾನು! ಹಂಡೆ ಢಣಢಣ ಎನ್ನುತ್ತ ನನಗೇ ಡಂಗುರ ಸಾರುತ್ತ ಓಡಿ, ಗಾಡಿಯ ಗಾಲಿಗೆ ಬಡಿದು ನಿಂತಿತು. ಹೊಸ ಹಂಡೆಯ ಹೊಟ್ಟೆಯಲ್ಲಿ ಕೈ ಹಿಡಿಯುವಷ್ಟು ತಗ್ಗು.

ಮೆಹಬೂಬ ಹಂಡೆ ನೋಡಿದ, ನನ್ನನ್ನು ನೋಡಿದ. ಗಾಡಿಯ ಮೇಲೆ ಕೂತ. “ನಾ ಒಂದು ಬೀಡಿ ಸೇದ್ತೀನಿ. ಅದು ಮುಗಿಯೂದ್ರಾಗ ಎಲ್ಲಾ ಒಳಗ ಹೋಗಬೇಕು,” ಎಂದ. ಅಷ್ಟು ನಿಧಾನವಾಗಿ ಬೀಡಿ ಸೇದಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೆ ಉತ್ತರಿಸುತ್ತಿದ್ದೆ. ನಾನು ಹಂಡೆಯನ್ನು ತಲೆಯ ಮೇಲೆ ಹೊತ್ತು, ಬಜಾರದ ನಡುವೆ ಹಾದು, ಕಂಚುಗಾರನಿಂದ ತಗ್ಗು ಎತ್ತಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಮಂದಿ ಕೇಳಿದ್ದು ಒಂದೇ: “ಏನ್ರಿ ಮಾಸ್ತರ, ಹಂಡೆ ಹೊರೂದೂ ಹೊಸಾ ಕಾಯ್ದಿ ಏನು?”

ಮನೆಗೆ ಬಂದು ನೋಡಿದರೆ ಮೂಲೆಯಲ್ಲಿದ್ದ ನಮ್ಮ ಜೋಳದ ಚೀಲ ಇಲ್ಲ. ಅದರ ಜಾಗದಲ್ಲಿ ಹೊಟ್ಟಿನ ಎರಡು ಚೀಲ.

“ಬಸ್ಸೀ, ಜೋಳ ಎಲ್ಲಿ?”

“ಬದಲಿ ಮಾಡೀನಿ. ನಮ್ಮ ಎಮ್ಮಿಗೆ ಹೊಟ್ಟು ಬೇಕಲ್ರಿ!” ಎಂದಳು, ತಲೆಯೆತ್ತದೆ.

ನಾನು ಹೊಟ್ಟಿನ ಚೀಲಗಳ ಬಾಯಿ ಬಿಗಿದು ಮೂಲೆಗೆ ಒತ್ತರಿಸಿಟ್ಟೆ.

ಮರುದಿನ ಬೆಳಿಗ್ಗೆ ತಿಮ್ಮವ್ವ ಕೋಲೂರಿಕೊಂಡು ನಮ್ಮ ಕಟ್ಟೆಗೆ ಬಂದಳು. ಮುಖ ಬಿಗಿದಿತ್ತು.

“ಮಾಸ್ತರಾ, ನಿನ್ನಿ ಗದ್ದಲದಾಗ ಯಾರದೋ ಜೋಳದ ಚೀಲ ನನ್ನ ಮನ್ಯಾಗ ಬಂದದ. ಓಣಿ ಎಲ್ಲಾ ಕೇಳೀನಿ, ನಮ್ಮದಲ್ಲ ಅಂತಾರ. ನಿನ್ನ ಹೇಂತಿನ್ನ ಕೇಳಿದ್ರ ಗಂಡನ್ನ ಕೇಳು ಅಂತಾಳ. ಹೇಳು, ಯಾರದದು?”

ಒಳಗೆ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು.

ಇಷ್ಟು ದಿನ ಓಣಿಯವರು ಕೇಳಿದ್ದರಲ್ಲಿ ನನಗೆ ಖಚಿತವಾಗಿ ಉತ್ತರ ಗೊತ್ತಿದ್ದ ಪ್ರಶ್ನೆ ಇದೊಂದೇ.

“ನನಗ ಗೊತ್ತಿಲ್ಲವ್ವ,” ಎಂದೆ.

ತಿಮ್ಮವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಿಗಿದ ಮುಖ ಸ್ವಲ್ಪ ಸಡಿಲಾಯಿತು.

“ಅಯ್ಯ ನನ್ನಪ್ಪ! ಇದೊಂದು ಮಾತು ಮೊನ್ನಿ ಸಂಜಿಗಿ ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?”